ನಡುವಿನವಳ ಸರದಿ

ಮೂವರು ಅಕ್ಕತಂಗಿಯರಲ್ಲಿ ಅವಳು ನಡುವಿನವಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ದಿನವಿಡೀ ಇಸ್ತ್ರಿ ಯಂತ್ರದ ಮುಂದೆ ನಿಂತು, ರೋಗಿಗಳ ಹಾಸಿಗೆಯ ಬಟ್ಟೆಗಳನ್ನು ಹಬೆಯಲ್ಲಿ ನೇರ ಮಾಡಿ ಮಡಚಿಡಬೇಕು. ಸಂಬಳದ ದಿನ ಮನೆಗೆ ಬಂದವಳೇ ಬಾಡಿಗೆ, ದಿನಸಿ, ಮಗಳ ಫೀಸು ಎಂದು ಪಾಲು ಹಾಕಿ, ಕೊನೆಗೆ ಒಂದಿಷ್ಟನ್ನು ಹಳೆಯ ಕನ್ನಡಕದ ಡಬ್ಬಿಗೆ ಹಾಕುತ್ತಾಳೆ. ಅದು ಮೋಜಿನ ದುಡ್ಡು. ಸಿನಿಮಾ, ಗೆಳತಿಯರ ಜೊತೆ ಚಹಾ, ಜೊತೆ ಕೆಲಸ ಮಾಡುವವರ ಹುಟ್ಟುಹಬ್ಬದ ಚಂದಾ, ಎಲ್ಲಾ ಅದರಲ್ಲೇ. ಡಬ್ಬಿ ಬರಿದಾಯಿತೋ, ಆ ತಿಂಗಳ ಮೋಜು ಮುಗಿಯಿತು. ಆಮೇಲೆ ದೇವರೇ ಬಂದು ಕರೆದರೂ ಅವಳು ಚಪ್ಪಲಿ ಮೆಟ್ಟುವವಳಲ್ಲ.

ಹಾಗೆಂದು ಜಿಪುಣಿ ಅಂದುಬಿಟ್ಟೀರಿ, ಜೋಕೆ! ಡಬ್ಬಿಯಲ್ಲಿ ಒಂದು ಕಾಸೂ ಉಳಿಯದ ಹಾಗೆ ಖರ್ಚು ಮಾಡುವವಳು ಅವಳು. ಅದನ್ನೂ ಉಳಿತಾಯಕ್ಕೆ ಹಾಕೋಣ ಎಂದು ಗಂಡ ಒಮ್ಮೆ ಬಾಯಿ ತೆರೆದಿದ್ದ, ಪಾಪ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಇದ್ದಷ್ಟೂ ಚಾಚ್ಬೇಕು ಕಣ್ರೀ. ಮುದುರಿಕೊಂಡು ಮಲಗೋಕೆ ನಾನೇನು ಬೆಕ್ಕಾ?" ಎಂದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಈ ಅಕ್ಕತಂಗಿಯರದು ಒಂದು ಪದ್ಧತಿ. ತಿಂಗಳಿಗೊಂದು ಭಾನುವಾರ ಮೂವರೇ ಹೊರಗೆ ಹೋಗಬೇಕು. ಗಂಡ, ಮಕ್ಕಳು ಯಾರೂ ಬಾಲ ಹಿಡಿಯುವಂತಿಲ್ಲ. ಸರದಿ ಯಾರದೋ ಅವಳದೇ ಖರ್ಚು, ಎಲ್ಲಿಗೆ ಎನ್ನುವುದೂ ಅವಳದೇ ಮಾತು. ಉಳಿದಿಬ್ಬರು ತುಟಿ ಪಿಟಕ್ಕೆನ್ನಬಾರದು. ಶುರುವಾದದ್ದು ಚಹಾ ಬಿಸ್ಕತ್ತಿನಿಂದ. ಆಮೇಲೆ ಅಕ್ಕನ ಗಂಡನ ಟೈಲ್ಸ್ ಅಂಗಡಿ ಕೈಹಿಡಿಯಿತು ನೋಡಿ, ಅಕ್ಕನ ಸರದಿಗೆ ಎಂಥ ಹೋಟೆಲು ಅಂತೀರಿ, ಬಾಗಿಲು ತೆಗೆಯುವುದಕ್ಕೇ ಅಲ್ಲಿ ಒಬ್ಬ ಆಳು! ತಂಗಿಯೂ ನಾನೇನು ಕಡಿಮೆ ಎಂದು ಮರುತಿಂಗಳು ಅಂಥದ್ದೇ ಇನ್ನೊಂದಕ್ಕೆ ಕರೆದುಕೊಂಡು ಹೋದಳು. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ನಡುವಿನವಳು ಮನಸ್ಸಿನಲ್ಲೇ ಅಂದುಕೊಂಡಳು. ಈಗ ಅವಳ ಸರದಿ ಬಂದಿತ್ತು.

"ಬಾಡಿಗೆ ದುಡ್ಡಲ್ಲಿ ಸ್ವಲ್ಪ ತಗೋ. ನಿಮ್ಮಕ್ಕನ ಮುಂದೆ ಮುಖ ಉಳೀಬೇಕಲ್ಲ," ಎಂದ ಗಂಡ.

"ನನ್ನ ಮುಖ ಉಳಿಸೋಕೆ ಮನೆ ಓನರ್ ದುಡ್ಡು ಬೇಕಾ?"

ಹೀಗೆ ಅಂದಳೇನೋ ಸರಿ, ಒಳಗೊಳಗೆ ಅವಳಿಗೆ ಭಯವಿತ್ತು. ಅಮ್ಮ ಹೋದ ಮೇಲೆ ಮೂವರನ್ನೂ ಒಟ್ಟಿಗೆ ಹಿಡಿದಿಟ್ಟಿದ್ದು ಈ ಭಾನುವಾರವೊಂದೇ. ಅಕ್ಕ ಮುನಿಸಿಕೊಂಡು ಬರುವುದನ್ನೇ ಬಿಟ್ಟರೆ ತಂಗಿಯೂ ಅವಳ ಹಿಂದೆಯೇ ಹೋಗುವವಳು. ಆದರೂ ಡಬ್ಬಿ ಡಬ್ಬಿಯೇ.

ಅವಳು ಅವರಿಬ್ಬರನ್ನೂ ಊರಿನ ಕೆರೆಗೆ ಕರೆದಳು, ಕಾಲಲ್ಲಿ ತುಳಿಯುವ ದೋಣಿಗೆ. ಡಬ್ಬಿಯಲ್ಲಿದ್ದದ್ದು ದೋಣಿಯ ಟಿಕೆಟ್ಟು, ಆಮೇಲೆ ಮೂರು ಚಹಾ, ಬಸ್ಸಿನ ಚಿಲ್ಲರೆ, ಇಷ್ಟಕ್ಕೆ ಸರಿಹೋಗುತ್ತಿತ್ತು.

"ಅರ್ಧ ಗಂಟೆ. ತಡ ಆದ್ರೆ ಇನ್ನೊಂದು ಟಿಕೆಟ್ಟಿನ ದುಡ್ಡು. ಆಮೇಲೆ ಜಗಳಕ್ಕೆ ಬರಬೇಡಿ," ಎಂದ ದೋಣಿಯವನು, ಬಾಯಲ್ಲಿದ್ದ ಸೀಟಿ ತೆಗೆದು.

ಅಕ್ಕ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಂದಿದ್ದಳು. "ಅಯ್ಯೋ ರಾಮ, ಇದನ್ನ ನಾವೇ ತುಳೀಬೇಕಾ?" ಎನ್ನುತ್ತಲೇ ಮುಂದಿನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ನಡುವಿನವಳು, ಹಿಂದೆ ತಂಗಿ. ಆ ದೋಣಿಗೆ ಎರಡು ಬದಿಗೂ ಬೇರೆ ಬೇರೆ ಚಕ್ರ. ಇಬ್ಬರೂ ತುಳಿದರೆ ನೆಟ್ಟಗೆ ಹೋಗುತ್ತದೆ, ಒಬ್ಬರೇ ತುಳಿದರೆ ಇದ್ದಲ್ಲೇ ಸುತ್ತುತ್ತದೆ.

ಕೆರೆಯ ನಡುಮಧ್ಯಕ್ಕೆ ಬಂದಾಗ ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಂಡಳು. "ಇದು ಮುಗಿಸಿ ಊಟಕ್ಕೆ ಎಲ್ಲಾದ್ರೂ ಒಳ್ಳೆ ಕಡೆ ಹೋಗೋಣ. ನಾನೇ ಕೊಡ್ತೀನಿ ಬಿಡು, ಪಾಪ."

ಆ 'ಪಾಪ' ಇತ್ತಲ್ಲ, ಅದು ನಡುವಿನವಳ ಎದೆಗೇ ನಾಟಿತು.

"ಯಾರು ಪಾಪ? ನನ್ನ ಸರದಿ, ನನ್ನ ದುಡ್ಡು. ಇಷ್ಟೇ ಇರೋದು, ಇಷ್ಟರಲ್ಲೇ ಆಗೋದು."

"ಎಷ್ಟು ಸೊಕ್ಕೇ ನಿಂಗೆ!"

"ಸೊಕ್ಕಲ್ಲ ಅಕ್ಕಾ, ಸಂಬಳ."

ಅಕ್ಕ ಮುಖ ಆ ಕಡೆ ತಿರುಗಿಸಿ ತುಳಿಯುವುದನ್ನೇ ನಿಲ್ಲಿಸಿಬಿಟ್ಟಳು. ದೋಣಿ ಗಿರಗಿರ ಸುತ್ತತೊಡಗಿತು. ಎದ್ದು ಹೋಗೋಣವೆಂದರೆ ಎಲ್ಲಿಗೆ ಹೋಗುವುದು, ಸುತ್ತಲೂ ನೀರು!

ಹಿಂದಿನಿಂದ ತಂಗಿಯ ಸಣ್ಣ ದನಿ ಬಂತು. "ನಂಗೂ ಆಗಲ್ಲ ಅಕ್ಕಾ. ಹೋದ ಸಲದ ಹೋಟೆಲಿಗೆ ಆಫೀಸಲ್ಲಿ ಸಾಲ ಮಾಡಿದ್ದೆ. ಇನ್ನೂ ತೀರಿಲ್ಲ."

ಅಕ್ಕ ಬೆಚ್ಚಿ ತಿರುಗಿದಳು. "ನಂಗ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಎಲ್ಲಾ ನಾನೇ ಕೊಡ್ತಿದ್ನಲ್ಲ?"

"ಅದಕ್ಕೇ ಹೇಳ್ಲಿಲ್ಲ," ಎಂದಳು ತಂಗಿ.

ಅಕ್ಕನ ಕಣ್ಣು ತುಂಬಿತು. ಸುಳ್ಳೇಕೆ ಹೇಳಲಿ, ಅವಳು ಕೆಟ್ಟವಳಲ್ಲ. ಕೊಡುವುದರಲ್ಲೇ ಅವಳಿಗೆ ಸುಖ, ಇಸಿದುಕೊಳ್ಳುವವರ ಸಂಕಟ ಮರೆತೇಹೋಗಿತ್ತು.

ಅಷ್ಟರಲ್ಲಿ ದಡದಿಂದ ಸೀಟಿ ಕೇಳಿಸಿತು. ಹೊತ್ತು ಮುಗಿಯುತ್ತಾ ಬಂದಿತ್ತು. ತಡವಾದರೆ ಚಹಾದ ದುಡ್ಡೂ ಹೋಯಿತು, ಬಸ್ಸಿನದೂ ಹೋಯಿತು. ನಡುವಿನವಳು ಹಲ್ಲು ಕಚ್ಚಿ ಒಬ್ಬಳೇ ತುಳಿದಳು. ದೋಣಿ ಮತ್ತೊಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ದಡದಲ್ಲಿ ಗಾಳ ಹಾಕಿ ಕೂತವರು ಕೈ ತೋರಿಸಿ ನಗತೊಡಗಿದರು. ನಗಲಿ, ಅವರ ಅಪ್ಪನ ಗಂಟೇನು ಹೋಗಬೇಕು!

ಅಕ್ಕ ಗಾಬರಿಯಿಂದ ಕೈಚೀಲ ತೆರೆದಳು. "ಸಾಕು ನಿಲ್ಸೇ, ಕಾಲು ಬಿದ್ದುಹೋಗತ್ತೆ. ತಡ ಆದ್ರೆ ಆಗ್ಲಿ. ದಂಡ ನಾನು ಕಟ್ತೀನಿ."

ನಡುವಿನವಳು ಅವಳ ಕಡೆ ನೋಡಲೂ ಇಲ್ಲ, ಕಾಲೂ ನಿಲ್ಲಿಸಲಿಲ್ಲ.

"ದುಡ್ಡು ಬೇಡ ಅಕ್ಕಾ. ತುಳಿ."

ಅಕ್ಕ ತೆರೆದ ಚೀಲವನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಮುಚ್ಚಿ, ಚಪ್ಪಲಿ ಕಳಚಿ ಹಿಂದಿದ್ದ ತಂಗಿಯ ಮಡಿಲಿಗೆ ಹಾಕಿ, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿಕೊಂಡಳು. ದೋಣಿ ಒಮ್ಮೆ ಹೊಯ್ದಾಡಿ ದಡದ ಕಡೆ ನೆಟ್ಟಗಾಯಿತು.

"ಜೋರಾಗಿ ತುಳಿಯೇ!" ಏದುಸಿರು ಬಿಡುತ್ತಾ ಗದರಿದಳು ಅಕ್ಕ. "ಎಲ್ಲಾ ನನ್ನೊಬ್ಬಳ ಕಾಲಲ್ಲೇ ಮಾಡಿಸ್ತೀಯಾ?"