ನೋಟದಿಂದ ಹರಡುವುದಿಲ್ಲ

ಕಾಯಿಲೆಗೆ ಹೆಸರಿಡುವಾಗ ಮನುಷ್ಯ ಯಾವಾಗಲೂ ಪಕ್ಕದೂರಿನ ಕಡೆಗೇ ಬೆರಳು ತೋರಿಸುತ್ತಾನೆಂಬುದನ್ನು ನೀವೂ ಗಮನಿಸಿರಬೇಕು. ಕಣ್ಣು ಕೆಂಡದಂತಾಗಿ, ನೀರು ಸುರಿದು, ಬೆಳಿಗ್ಗೆ ಏಳುವಾಗ ರೆಪ್ಪೆಗಳು ಗೋಂದು ಹಚ್ಚಿದ ಲಕೋಟೆಯಂತೆ ಅಂಟಿಕೊಳ್ಳುವ ಬೇನೆಗೆ ಬೆಂಗಳೂರಿನವರು ‘ಮದ್ರಾಸ್ ಐ’ ಎಂದು ನಾಮಕರಣ ಮಾಡಿ ಕೈತೊಳೆದುಕೊಂಡರು. ಗಡಿಯಾಚೆ ತಮಿಳುನಾಡಿಗೆ ಸೇರಿದ ಕೆಲಮಂಗಲದ ನಮ್ಮ ಸ್ಥಿತಿ ಮಾತ್ರ ಇಬ್ಬಂದಿಯದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ನಮಗೆ ದೂರುವುದಕ್ಕೆ ಪರರಾಜ್ಯವೇ ಇಲ್ಲ. ರೋಗಾಣುವು ಸ್ವಂತ ರಾಜ್ಯದ ಬಸ್ಸಿನಲ್ಲೇ ಬಂದಿಳಿದು, ನೆಂಟನ ಹಾಗೆ ಯಾರ ಮನೆಗೆ ಬೇಕಾದರೂ ನಡೆದುಬಿಡುತ್ತದೆ. ಹೋದ ವರ್ಷ ಅದು ನಮ್ಮ ಮನೆಗೆ ಬಂತು. ಮೊಮ್ಮಗಳ ಹೆಸರಿಡುವ ಶಾಸ್ತ್ರಕ್ಕೆ ಎರಡೇ ದಿನ ಉಳಿದಿರುವಾಗ, ನನ್ನ ಕಣ್ಣಿಗೇ ಬಂತು.

ನಾನು ನಿವೃತ್ತ ವಿಜ್ಞಾನದ ಮೇಷ್ಟ್ರು. ಸಾಂಕ್ರಾಮಿಕ ರೋಗಗಳ ಪಾಠವನ್ನು ಎಷ್ಟು ಸಲ ಮಾಡಿದ್ದೇನೆಂದರೆ, ನನ್ನ ಹೆಂಡತಿಯೂ ಅದನ್ನು ನಿದ್ದೆಗಣ್ಣಿನಲ್ಲಿ ಒಪ್ಪಿಸಬಲ್ಲಳು. ಚೊಚ್ಚಲ ಹೆರಿಗೆಗೆಂದು ಮಗಳು ಮನೆಗೆ ಬಂದಿದ್ದಳು. ಅವಳ ಬಾಣಂತನಕ್ಕೆ ಉದ್ದನಪಲ್ಲಿಯಿಂದ ನನ್ನ ಅಕ್ಕ ಗೌರಮ್ಮ ಬಂದಿದ್ದಳು. ಅಕ್ಕ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಬಾಣಂತಿ ಕೋಣೆಯ ಹೊಸ್ತಿಲಲ್ಲಿ ಅವಳದೇ ರಾಜ್ಯಭಾರ. ಹೊರಗಿನಿಂದ ಬಂದವರು ಹಿತ್ತಲಿನ ತೊಟ್ಟಿಯ ಹತ್ತಿರ ಕೈಕಾಲು ತಿಕ್ಕಿ ತೊಳೆದು, ಗಳಿಗೆ ಹೊತ್ತು ಕೂತು, ಆಮೇಲೆಯೇ ಒಳಗೆ ಕಾಲಿಡಬೇಕು. ಯಾಕೆಂದು ಕೇಳಿದರೆ ಗಾಳಿ, ದೃಷ್ಟಿ, ಸೋಕು ಎಂದೆಲ್ಲ ಹೇಳುತ್ತಿದ್ದಳು. ನಾನು ಮೀಸೆಯಡಿಯಲ್ಲಿ ನಗುತ್ತಿದ್ದೆ.

ಅಂದು ಬೆಳಿಗ್ಗೆ ನನ್ನ ಮುಖ ಕಂಡದ್ದೇ ತಡ, ಅಕ್ಕ ಕೋಣೆಯ ಬಾಗಿಲಿಗೆ ಅಡ್ಡನಿಂತಳು. “ಲೇ, ಆ ಕಣ್ಣಿಟ್ಕೊಂಡು ಇತ್ಲಾಗೆ ನೋಡ್ಬ್ಯಾಡ ಕಣ್ಲಾ! ನೋಡಿದ್ರೇ ಅಂಟ್ಕೊಂಬುಡ್ತದೆ. ಹಸುಗೂಸು ಅದು!” ಹೊಸೂರಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ ಅಳಿಯನ ಕೂಲಿಂಗ್ ಗ್ಲಾಸನ್ನು ನನ್ನ ಮೂಗಿನ ಮೇಲೆ ಏರಿಸಿ, ಜಗಲಿಗೆ ಗಡೀಪಾರು ಮಾಡಿದಳು. ಅಲ್ಲಿಯವರೆಗೆ ಮಗುವನ್ನು ದಿನಕ್ಕೆರಡು ಸಲ ಎತ್ತಿಕೊಳ್ಳುವ ಅಪ್ಪಣೆ ನನಗಿತ್ತು. ಈಗ ಒಳಗಿನಿಂದ ಅದರ ಅಳು ಕೇಳಿದಾಗಲೆಲ್ಲ ಕೈ ತಹತಹಿಸುತ್ತಿತ್ತು. ಸಂಕಟ ಕಾಯಿಲೆಯದಲ್ಲ, ಅವಿದ್ಯೆಯ ಮುಂದೆ ವಿದ್ಯೆ ಸೋತಿತಲ್ಲ ಎಂಬುದೇ ನನ್ನನ್ನು ಕೊರೆಯುತ್ತಿತ್ತು.

ಸೇಡು ತೀರಿಸಿಕೊಳ್ಳುವ ಅವಕಾಶ ಶಾಸ್ತ್ರದ ದಿನ ಒದಗಿಬಂತು. ಬಂದ ನೆಂಟರಿಷ್ಟರೆಲ್ಲ ನನ್ನ ಕಪ್ಪು ಕನ್ನಡಕ ಕಂಡು ಮೋರೆ ತಿರುಗಿಸಿ ಹೋಗುತ್ತಿದ್ದರು. ನಮಗೆ ಹಾಲು ಹಾಕುವ ನಾರಾಯಣಪ್ಪನಂತೂ ಮಾಡಿನ ಹಂಚುಗಳನ್ನೇ ನೋಡುತ್ತ ಮಾತಾಡಿದ. ಮೇಷ್ಟ್ರು ಸುಮ್ಮನಿರುವುದುಂಟೆ? ಕನ್ನಡಕ ತೆಗೆದೇಬಿಟ್ಟೆ. “ನೋಟದಿಂದ ಹರಡುವುದಿಲ್ಲ ನಾರಾಯಣಪ್ಪ, ನನ್ನ ಕಣ್ಣನ್ನು ಚೆನ್ನಾಗಿ ನೋಡು,” ಎಂದು ಪಾಠ ಶುರುಮಾಡಿದೆ. ಪಾಠೋಪಕರಣವಿಲ್ಲದೆ ಬೋಧಿಸಿ ನನಗೆ ಅಭ್ಯಾಸವಿಲ್ಲ. ಆದ್ದರಿಂದ ರೋಗಾಣು ಕಣ್ಣೀರಿನಲ್ಲಿರುತ್ತದೆ ಎನ್ನುವಾಗ ನನ್ನ ಕಣ್ಣನ್ನು ಒರೆಸಿ ತೋರಿಸಿದೆ. ಅಲ್ಲಿಂದ ಬೆರಳಿಗೆ ಬರುತ್ತದೆ ಎನ್ನುವಾಗ ಬೆರಳನ್ನು ತೋರಿಸಿದೆ. ಬೆರಳಿನಿಂದ ಇನ್ನೊಬ್ಬರ ಕೈಗೆ ದಾಟುತ್ತದೆ ಎನ್ನುವಾಗ ಅವನ ಕೈಯನ್ನೇ ಹಿಡಿದು ಒತ್ತಿದೆ. “ನೀವು ಯೋಳಿದ್ಮ್ಯಾಕೆ ಧೈರ್ಯ ಬಂತು ಬುಡಿ ಮೇಷ್ಟ್ರೇ!” ಎಂದು ಅವನು ಆನಂದದಿಂದ ಕಣ್ಣುಜ್ಜಿಕೊಂಡ. ಸುತ್ತ ಜನ ಸೇರಿತು. ಪಾಠವನ್ನು ಏಳೆಂಟು ಸಲ, ಉಪಕರಣ ಸಮೇತ, ಪುನರಾವರ್ತಿಸಿದೆ. ಕೊನೆಗೆ ಅದೇ ಅಮೃತಹಸ್ತದಿಂದ ಎಲ್ಲರಿಗೂ ತಾಂಬೂಲ ಕೊಟ್ಟೆ.

ನಾಲ್ಕನೆಯ ದಿನ ನಾರಾಯಣಪ್ಪ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಹಾಲು ತಂದ. “ಮೇಷ್ಟ್ರೇ, ನೋಡಿದ್ರೆ ಅಂಟಾಕಿಲ್ಲ ಅಂದ್ರಲ್ಲ?” ಎಂದು ಕೇಳಿದ. ಅಂಟುವುದಿಲ್ಲ ಎಂಬ ಸತ್ಯ ಆಗಲೂ ಸತ್ಯವಾಗಿಯೇ ಇತ್ತು. ಈ ಸಲ ಮಾಡಿನ ಹಂಚುಗಳನ್ನು ನೋಡಿದವನು ನಾನು, ಅಷ್ಟೆ. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯಲ್ಲಿ ಕಪ್ಪು ಕನ್ನಡಕವಿಲ್ಲದವರೇ ಅಪರೂಪವಾದರು. ವಿಚಾರಿಸಿದರೆ, ಬೇನೆ ಬಂದವರೆಲ್ಲ ನನ್ನ ವಿಚಾರವಾದಕ್ಕೆ ತಲೆದೂಗಿದವರು. ಅಕ್ಕನ ಗದರಿಕೆಗೆ ಹೆದರಿ, ನನ್ನತ್ತ ಕಣ್ಣೆತ್ತದೆ, ತೊಟ್ಟಿಯ ಹತ್ತಿರ ಕೈ ತಿಕ್ಕಿ ಒಳಗೆ ಹೋದ ಮೂಢನಂಬಿಕೆಯವರೆಲ್ಲ ಕ್ಷೇಮವಾಗಿದ್ದರು.

ಆಗಲೇ ಒಂದು ಮಧ್ಯಾಹ್ನ ಒಳಗಿನಿಂದ ಅಕ್ಕ ಕೂಗಿದಳು. ಮಗುವಿನ ಎಡಗಣ್ಣಿನ ತುಂಬ ಗೀಜು. ಮಗಳು ಅಳುತ್ತ ಕೂಸನ್ನು ಎತ್ತಿಕೊಂಡು ಅಕ್ಕನ ಜೊತೆ ಆಟೋ ಹತ್ತಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನಗೆ ಹೆದರಿಕೆಯಾಯಿತು. ಪಾಠದಲ್ಲಿ ಬಾಣದ ಗುರುತು ಹಾಕಿ ತೋರಿಸುತ್ತಿದ್ದ ದಾರಿಯೆಲ್ಲ ಈಗ ನನ್ನ ಮನೆಯೊಳಗೇ ಹಾಯ್ದಂತೆ ಕಂಡಿತು. ತಾಂಬೂಲದ ತಟ್ಟೆಯನ್ನು ಯಾರು ಒಳಗೆ ಒಯ್ದರು, ಬಾಗಿಲ ಚಿಲಕವನ್ನು ನಾನು ಮುಟ್ಟಿದ್ದೆನೆ, ಏನೂ ನೆನಪಾಗಲಿಲ್ಲ. ನನ್ನ ಕೈಗಳನ್ನು ನೋಡಿಕೊಳ್ಳುವುದಕ್ಕೇ ಅಸಹ್ಯವಾಗಿ ತೊಡೆಯಡಿಯಲ್ಲಿ ಇಟ್ಟುಕೊಂಡು ಕೂತಿದ್ದೆ.

ಸಂಜೆ ಮೂವರೂ ಬಂದರು. ಅಕ್ಕ ಸಿಟ್ಟಾಗಿದ್ದಳು, ಆದರೆ ನನ್ನ ಮೇಲಲ್ಲ. ಡಾಕ್ಟರು ಕಣ್ಣು ಒರೆಸಿ ನೋಡಿ, ಬೇನೆಯಲ್ಲ, ಅಕ್ಕ ತೀಡಿದ ಕಾಡಿಗೆಯೇ ಕರಗಿ ಒಳಗೆ ಸೇರಿದೆ, ಇನ್ನು ಮೇಲೆ ಹಚ್ಚಕೂಡದು ಎಂದಿದ್ದರಂತೆ. “ಅವ್ರಿಗೇನ್ ಗೊತ್ತು?” ಎಂದು ಗೊಣಗುತ್ತ ಅಕ್ಕ ಒಳಗೆ ಹೋದಳು. ಅಂದಿನಿಂದ ಕಾಡಿಗೆ ಡಬ್ಬಿ ಮಾತ್ರ ಕಾಣಿಸಲಿಲ್ಲ.

ಮೂರು ವಾರದ ಮೇಲೆ, ನನ್ನ ಕಣ್ಣು ಪೂರ್ತಿ ತಿಳಿಯಾಯಿತೆಂದು ಡಾಕ್ಟರು ಹೇಳಿದ ದಿನ, ಅಕ್ಕ ತಾನೇ ಚೊಂಬು ಹಿಡಿದು ನನ್ನ ಕೈಗೆ ನೀರು ಹುಯ್ದಳು. ಸೋಪು ಹಚ್ಚಿ ಮೂರು ಸಲ ತಿಕ್ಕಿಸಿದಳು. ನಾಲ್ಕನೆಯ ಸಲ ನಾನೇ ತಿಕ್ಕಿಕೊಂಡೆ. ಮಗುವನ್ನು ನನ್ನ ತೊಡೆಯ ಮೇಲೆ ಮಲಗಿಸಿದ್ದೇ ತಡ, ಆ ಕಿಲಾಡಿ ನನ್ನ ತೋರುಬೆರಳನ್ನು ಬಿಗಿಯಾಗಿ ಹಿಡಿದು ನೆಟ್ಟಗೆ ಬಾಯಿಗೇ ಇಟ್ಟುಕೊಂಡಿತು. ನಾನು ಬೆಚ್ಚಿ ಅಕ್ಕನ ಮುಖ ನೋಡಿದೆ.

“ತೊಳ್ದಿದ್ದೀಯಲ್ಲ, ಸುಮ್ನೆ ಕೂತ್ಕಳ್ಲಾ,” ಎಂದಳು. ಮರುಗಳಿಗೆ ನನ್ನನ್ನೇ ದಿಟ್ಟಿಸಿ, “ಯಾಕ್ಲಾ, ಕಣ್ಣಾಗೆ ಮತ್ತೆ ನೀರು?” ಎಂದು ಹತ್ತಿರ ಬಂದಳು.

ನಾನು ಒರೆಸಿಕೊಳ್ಳಲಿಲ್ಲ. ಬೆರಳು ಇನ್ನೂ ಮಗುವಿನ ಬಾಯಲ್ಲೇ ಇತ್ತು.