ದ್ಯಾಮಮ್ಮನ ಮೆತ್ತನೆ ದನಿ

ಕುಪ್ಪಗಡ್ಡೆಯ ದ್ಯಾಮಮ್ಮ ಶಿಕಾರಿಪುರಕ್ಕೆ ಸೊಸೆಯಾಗಿ ಬಂದಾಗ ಓಣಿಯವರು ಮೊದಲು ಆಡಿಕೊಂಡದ್ದು ಅವಳ ಮಾತನ್ನು. ಸೊರಬದ ಕಡೆಯ ಮೆತ್ತನೆ ಮಾತು, ಮಾತಿಗೊಂದು ಸಲ ‘ಎಂತ’. “ಏನವ್ವಾ, ನಿಮ್ಮೂರಾಗೆ ಮಾತಿಗೂ ರೇಷನ್ ಐತೇನು?” ಎಂದು ಅತ್ತೆಯೇ ಛೇಡಿಸುತ್ತಿದ್ದಳು. ಅತ್ತೆಯದು ಗಂಡಸರ ಹಾಗೆ ದಪ್ಪ ದನಿ. ಅವಳು ಹಿತ್ತಲಲ್ಲಿ ಕೆಮ್ಮಿದರೆ ಬೀದಿಯಲ್ಲಿ ಹೋಗುವವರು ನಿಂತು ನೋಡಬೇಕು. ದ್ಯಾಮಮ್ಮನಿಗೆ ತವರಿನಲ್ಲಿ ಕಲಿಸಿದ್ದೇ ಬೇರೆ. ಗಂಡನಿಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು, ಅವನ ಹೆಸರಂತೂ ನಾಲಿಗೆಯ ಮೇಲೆ ಬರಲೇಕೂಡದು. ಹೇಳುವುದೇನಿದ್ದರೂ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಬಾಯಿಗೆ ಸೆರಗು ಅಡ್ಡ ಹಿಡಿದು ಹೇಳಬೇಕು. ಅವಳು ಹಾಗೇ ನಡೆದುಕೊಂಡಳು, ಅದರ ಬಗ್ಗೆ ಸ್ವಲ್ಪ ಜಂಬವನ್ನೂ ಪಟ್ಟಳು.

ಜಂಬಕ್ಕೆ ಕಾರಣವೂ ಇತ್ತು. ಗಂಡ ಬೆನಕಪ್ಪ ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದವನು ಅವಳ ಪಿಸುಮಾತಿಗೂ ನಕ್ಕು ಉತ್ತರ ಕೊಡುತ್ತಿದ್ದ. ಒಮ್ಮೊಮ್ಮೆ ಬಳೆಯ ಸದ್ದಿಗೇ ತಿರುಗುತ್ತಿದ್ದ. ಇಂಥ ಗಂಡ ಓಣಿಯಲ್ಲಿ ಇನ್ಯಾರಿಗಿದ್ದಾನೆ ಎಂದು ಅವಳು ಒಳಗೊಳಗೇ ಹಿಗ್ಗುತ್ತಿದ್ದಳು.

ಅಣ್ಣತಮ್ಮಂದಿರಲ್ಲಿ ಹೊಲ ಪಾಲಾಗಿ, ಬಂದ ತುಂಡು ಹೊಟ್ಟೆಗೆ ಸಾಲದೆ ಹೋದಾಗ ಬೆನಕಪ್ಪ ಊರಾಚೆಯ ಅಕ್ಕಿ ಮಿಲ್ಲಿಗೆ ಸೇರಿದ. ಹೊಟ್ಟು ಬಿಡಿಸುವ ಹಲ್ಲರ್ ಮಷೀನಿನ ಬಾಯಿಗೆ ಭತ್ತ ಸುರಿಯುವ ಕೆಲಸ. ಬಲಕ್ಕೆ ಇಂಜಿನ್ನು, ಎದುರಿಗೆ ಹಲ್ಲರು, ತಲೆಯ ಮೇಲೆ ತಗಡು. ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಒಂದೇ ಆರ್ಭಟ. ಮೊದಲ ದಿನಗಳಲ್ಲಿ ಕಿವಿಯೊಳಗೆ ಜೀರುಂಡೆ ಕೂತು ಕೂಗಿದ ಹಾಗಾಗುತ್ತದೆ ಎನ್ನುತ್ತಿದ್ದ. ಅದು ಮಿಲ್ಲಿನ ಗುಂಗು, ನಿದ್ದೆ ಮಾಡಿದರೆ ಇಳಿಯುತ್ತದೆ ಎಂದು ಮಿಲ್ಲಿನ ಹಳಬರು ಹೇಳಿದರು. ನಿದ್ದೆ ಮಾಡಿದ. ಆಮೇಲೆ ಅವನು ಆ ಮಾತೆತ್ತಲಿಲ್ಲ, ಮನೆಯವರೂ ಮರೆತರು.

ಕನ್ನಡ ನಾಡು ಒಂದಾಯಿತೆಂದು ಪೇಟೆಯಲ್ಲಿ ಸಕ್ಕರೆ ಹಂಚಿದ ಮರುವರ್ಷದ ಹೊತ್ತಿಗೆ ದ್ಯಾಮಮ್ಮನ ನೆಮ್ಮದಿ ಹಾಳಾಯಿತು. ಗಂಡ ಅವಳ ಮಾತಿಗೆ ಉತ್ತರ ಕೊಡುವುದನ್ನೇ ಬಿಟ್ಟಿದ್ದ. ತಂಗಿಯ ಮಗುವಿನ ತೊಟ್ಟಿಲಿಗೆ ಹೋಗಿಬರಲೇ ಎಂದು ಬಾಗಿಲ ಮರೆಯಿಂದ ಕೇಳಿದರೆ ಎಲೆ ಜಗಿಯುತ್ತ ಸುಮ್ಮನೆ ಕೂತ. ಬೇಡವೆಂದಿರಬೇಕು ಎಂದುಕೊಂಡು ಅವಳು ಹೋಗಲಿಲ್ಲ. ಮಾರನೆಯ ವಾರ ಅವನೇ, “ತೊಟ್ಟಿಲಿಗೆ ಯಾಕ ಹೋಗ್ಲಿಲ್ಲ ನೀನು?” ಎಂದು ಕೇಳಿದಾಗ ಅವಳ ಮೈ ಉರಿದುಹೋಯಿತು. ಅದೇ ಅತ್ತೆ ಒಂದು ಮಾತೆಂದರೆ ಸಾಕು, ಮಾತಾಡುತ್ತಾನೆ, ನಗುತ್ತಾನೆ! ಹೆಂಡತಿ ಮಾತ್ರ ಗೋಡೆಯೊಂದಿಗೆ ಮಾತಾಡಬೇಕು.

ಅತ್ತೆಗೆ ಜ್ವರ ಬಂದ ಒಂದು ದಿನ ಬುತ್ತಿ ಹೊತ್ತು ಅವಳೇ ಮಿಲ್ಲಿಗೆ ಹೋದಳು. ಬಾಗಿಲಲ್ಲಿ ಕಾಲಿಟ್ಟದ್ದೇ ಆ ಸದ್ದು ಎದೆಗೆ ಗುದ್ದಿತು. ತೌಡಿನ ದೂಳಿನ ನಡುವೆ ಬೆನಕಪ್ಪ ನಿಂತಿದ್ದ. ಎದುರಿಗೆ ಅಕ್ಕಿ ಕೇರುವ ನೀಲಾಂಬಿಕ, ಮೊರ ಸೊಂಟಕ್ಕೆ ಒತ್ತಿ ಹಿಡಿದು, ಅವನ ಮುಖಕ್ಕೆ ಮುಖ ಕೊಟ್ಟು ನಿಂತಿದ್ದಳು. ಅವಳ ತುಟಿ ಆಡಿತು, ಎರಡು ಬೆರಳು ಎದ್ದವು, ಬೆನಕಪ್ಪ ತಲೆ ಹಿಂದಕ್ಕೆ ಹಾಕಿ ನಕ್ಕ. ಆ ಗದ್ದಲದಲ್ಲಿ ದೇವರೇ ಬಂದು ಕೂಗಿದರೂ ಕೇಳುವಂತಿರಲಿಲ್ಲ. ಇವರಿಬ್ಬರಿಗೆ ಮಾತ್ರ ಯಾರಿಗೂ ಕೇಳಿಸದ ಮಾತು! ದ್ಯಾಮಮ್ಮ ಬುತ್ತಿಯನ್ನು ಮೂಟೆಯ ಮೇಲೆ ಕುಕ್ಕಿ ಹಿಂದಿರುಗಿ ನೋಡದೆ ಬಂದಳು.

ಅಂದಿನಿಂದ ಅವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ನೀಲಾಂಬಿಕ ತನಗಿಂತ ಕಪ್ಪು, ವಯಸ್ಸಿನಲ್ಲೂ ದೊಡ್ಡವಳು, ಮುಂದಿನ ಹಲ್ಲೊಂದು ಮುರಿದಿದೆ ಎಂದು ಲೆಕ್ಕ ಹಾಕಿದಳು. ಹಲ್ಲು ಮುರಿದವಳ ಬಾಯಿಯನ್ನೇ ಅವನು ಹಾಗೆ ಕಣ್ಣು ಕೀಲಿಸಿ ನೋಡುತ್ತಿದ್ದನಲ್ಲ ಎಂದು ನೆನೆದು ಇನ್ನಷ್ಟು ಉರಿದಳು. ಗಂಡನ ಅಂಗಿ ಒಗೆಯುವಾಗ ಮೂಸಿ ನೋಡಿದಳು. ತೌಡಿನ ವಾಸನೆ ಬಿಟ್ಟು ಏನೂ ಸಿಗಲಿಲ್ಲ. ಆ ಹೆಂಗಸಿಗೂ ತೌಡಿನ ವಾಸನೆಯೇ ಇರುತ್ತದಲ್ಲ ಎಂದು ಅದಕ್ಕೂ ಅತ್ತಳು. ಮುಡಿಗೆ ಸೇವಂತಿಗೆ ಏರಿಸಿಕೊಂಡು ಬಾಗಿಲ ಮರೆಯಲ್ಲಿ ಇನ್ನೂ ಮೆತ್ತಗೆ, ಇನ್ನೂ ಇಂಪಾಗಿ ಮಾತಾಡಿ ನೋಡಿದಳು. ಆ ಮನುಷ್ಯ ಅಡಿಕೆ ಕತ್ತರಿಸುತ್ತ ಕೂತಿದ್ದ.

ಕೊನೆಗೆ ತಡೆಯಲಾರದೆ, ನೀಲಾಂಬಿಕ ಮಿಲ್ಲು ಬಿಟ್ಟು ಬರುವ ಕೆರೆ ಏರಿಯ ಮೇಲೆ ಅಡ್ಡ ನಿಂತಳು. ತಲೆ ತಗ್ಗಿಸಿ, ಬಾಯಿಗೆ ಸೆರಗಿಟ್ಟು, ಇಷ್ಟು ದಿನ ಕೂಡಿಟ್ಟ ಬೈಗುಳವನ್ನೆಲ್ಲ ಒಂದೇ ಉಸಿರಿಗೆ ಬೈದಳು.

ನೀಲಾಂಬಿಕ ಅವಳ ಸೆರಗು ಎಳೆದಳು. “ಮುಖ ಎತ್ತವ್ವಾ, ಬಾಯಿ ಕಾಣಲಿ. ನಂದೂ ಒಂದು ಕಿವಿ ಅಷ್ಟಕ್ಕಷ್ಟೆ. ಏನಂದಿ?”

ಬೈಗುಳವನ್ನು ಎರಡನೆಯ ಸಲ, ಅದೂ ಮುಖ ನೋಡಿಕೊಂಡು ಬೈಯುವ ಕಷ್ಟ ಯಾವ ಹೆಂಗಸಿಗೂ ಬೇಡ. ದ್ಯಾಮಮ್ಮನ ಬಾಯಲ್ಲಿ ಅರ್ಧಕ್ಕರ್ಧ ಮಾತ್ರ ಬಂತು: “ನಮ್ಮನೆಯವ್ರನ್ನ ಬಿಟ್ಬಿಡು. ನಿನ್ನ ಹತ್ರ ಎಂತ ಮಾತಾಡ್ತಾರೆ ಅವ್ರು? ನನ್ನ ಹತ್ರ ಮಾತೇ ಇಲ್ಲ.”

ನೀಲಾಂಬಿಕ ನಗಲಿಲ್ಲ. “ಅಯ್ಯ ನನ್ನವ್ವಾ, ಅವರಿಗೆ ಕಿವಿ ಹೋಗ್ಯಾವೆ. ಮಿಲ್ಲಿನಾಗೆ ನಾವೆಲ್ಲ ತುಟಿ ನೋಡಿ ಮಾತು ತಿಳ್ಕಂತೀವಿ. ನಮ್ಮನೆಯವರು ಅದೇ ಮಷೀನಿನ ಮುಂದೆ ನಿಂತು ಕಿವಿ ಕಳಕಂಡ್ರು. ಮೊದಲು ಹೋಗೋದು ಹೆಂಗಸರ ಸಣ್ಣ ದನಿ ಕಣವ್ವಾ. ದಪ್ಪ ದನಿ ಕೇಳ್ತಾ ಇರ್ತೈತಿ, ಅದಕ್ಕೇ ಕಿವಿ ನೆಟ್ಟಗೈತಿ ಅಂತ ಅಂದ್ಕಂತಾರೆ.”

“ತಮ್ಮ ಕಿವಿ ಹೋಗಿದ್ದು ಅವ್ರಿಗೆ ಗೊತ್ತಿಲ್ವಾ?”

“ಹೆಂಗ ಗೊತ್ತಾಗಬೇಕು? ಮಿಲ್ಲಿನಾಗೆ ಎಲ್ಲಾ ತಿಳೀತೈತಿ. ಮನೆಯಾಗೆ ಯಾರೂ ಹೇಳಂಗಿಲ್ಲ.”

ಇಷ್ಟು ಕೇಳಿದ ಮೇಲೆ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ, ಇಮ್ಮಡಿಯಾಯಿತು. ನನ್ನ ಗಂಡನ ಕಿವಿ ಹೋದದ್ದು ನನಗಿಂತ ಮೊದಲು ಇವಳಿಗೆ ಗೊತ್ತಾಗಬೇಕೇ? ಒಂದೇ ಸೂರಿನಡಿ ಇರುವ ನಾನು ಏನು ಮಾಡುತ್ತಿದ್ದೆ? ದಾರಿಯುದ್ದಕ್ಕೂ ನೀಲಾಂಬಿಕಳಿಗೆ ಶಾಪ ಹಾಕುತ್ತ, ಅವಳು ಹೇಳಿದ್ದು ಸುಳ್ಳಾಗಲಿ ಎಂದು ದೇವರಿಗೆ ಕೈ ಮುಗಿಯುತ್ತ ಮನೆಗೆ ಬಂದಳು.

ಬೆನಕಪ್ಪ ಉಣ್ಣಲು ಕೂತಾಗ ದ್ಯಾಮಮ್ಮ ರೊಟ್ಟಿ ಬಡಿಸಿ ಬಾಗಿಲ ಮರೆಗೆ ಹೋಗಲಿಲ್ಲ. ಎದುರಿಗೇ ಕೂತಳು. ಸೆರಗು ಸರಿಸಿ, ಅವನ ಕಣ್ಣಿಗೆ ಕಣ್ಣಿಟ್ಟು, “ಪಲ್ಯಕ್ಕೆ ಉಪ್ಪು ಸಾಕಾ?” ಎಂದಳು. ಕೇಳಬೇಕಾದದ್ದು ಬೇರೆ ಇತ್ತು. ಬಾಯಿಗೆ ಬಂದದ್ದು ಅದು.

ಬೆನಕಪ್ಪನ ಕೈಯ ತುತ್ತು ಅಲ್ಲೇ ನಿಂತಿತು. “ಮಾತಾಡಿದಿಯಲ್ಲೇ! ನನ್ನ ಹತ್ರ ಮಾತು ಬಿಟ್ಟು ಎಷ್ಟು ಕಾಲ ಆಗಿತ್ತು. ಹೊಲ ಬಿಟ್ಟು ಕೂಲಿಗೆ ಹೋದೆ ಅಂತ ನಿನಗೆ ನನ್ನ ಮೇಲೆ ತಾತ್ಸಾರ ಅಂದ್ಕಂಡಿದ್ದೆ. ಕೇಳಾಕೂ ಹೆದರಿಕೆ ಆಗ್ತಿತ್ತು.”

ಅವಳು ಮುಖ ಎತ್ತಿಯೇ ಹೇಳಿದಳು: “ನಾನು ಬಿಟ್ಟಿರಲಿಲ್ಲ. ದಿನಾ ಆಡ್ತಿದ್ದೆ. ನಿಮಗೆ ಕಿವಿ ಕೇಳ್ತಿಲ್ಲ.”

“ಯಾರು ಹೇಳಿದ್ದು?” ಅವನು ರೇಗಿದ. “ಮಿಲ್ಲಿನಾಗೆ ಅಷ್ಟು ಗದ್ದಲದಾಗೂ ಎಲ್ಲರ ಮಾತೂ ತಿಳೀತೈತಿ ನನಗೆ. ಕಿವಿ ಗುಂಡುಕಲ್ಲಿನಂಗೆ ಐತಿ!”

ದ್ಯಾಮಮ್ಮ ಎದ್ದು ಅವನ ಬೆನ್ನ ಹಿಂದೆ ಹೋಗಿ ನಿಂತಳು. ಕಿವಿಯಿದ್ದ ಯಾವ ಗಂಡನೂ ಕೇಳಿ ಸುಮ್ಮನಿರಲಾರದ ಮಾತು ಒಂದೇ ಇತ್ತು. ಅವಳು ಜೀವಮಾನದಲ್ಲಿ ಆಡದಿದ್ದ ಮಾತು ಅದು.

“ಬೆನಕಪ್ಪಾ!” ಎಂದಳು. ತನ್ನ ಸಣ್ಣ ದನಿಯಲ್ಲೇ ಇನ್ನೂ ಗಟ್ಟಿಯಾಗಿ, “ಬೆನಕಪ್ಪಾ!”

ಬೆನಕಪ್ಪ ರೊಟ್ಟಿ ಮುರಿದು ಪಲ್ಯಕ್ಕೆ ಅದ್ದಿದ. ಮೂಲೆಯಲ್ಲಿ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅತ್ತೆ ಮಾತ್ರ ಧಡಕ್ಕನೆ ಎದ್ದು ಮಗನ ಮುಂದೆ ಬಂದು ನಿಂತಳು. “ಏನೇ ಹುಚ್ಚಿ, ಗಂಡನ ಹೆಸರು ಹಿಡಿದು ಕೂಗ್ತೀಯಾ!”

ಬೆನಕಪ್ಪ ತಾಯಿಯ ಮುಖ ನೋಡಿದ, ತಿರುಗಿ ಹೆಂಡತಿಯ ಮುಖ ನೋಡಿದ. “ಯಾರು ಕೂಗಿದ್ರು?”

“ನಾನು,” ಎಂದಳು ದ್ಯಾಮಮ್ಮ. ಕಣ್ಣೀರು ಒರೆಸಿಕೊಳ್ಳಲಿಲ್ಲ. “ಎರಡು ಸಲ.”

ಅವನು ತಟ್ಟೆ ಪಕ್ಕಕ್ಕೆ ಸರಿಸಿದ. “ಹಂಗಾದ್ರೆ ಇನ್ನೊಂದು ಸಲ ಕೂಗು. ಆಗ ನನ್ನ ಲಕ್ಷ್ಯ ಊಟದ ಮೇಲಿತ್ತು,” ಎಂದು ಅವಳಿಗೆ ಬೆನ್ನು ಹಾಕಿ, ಉಸಿರು ಬಿಗಿಹಿಡಿದು ಕೂತ.

ದ್ಯಾಮಮ್ಮ ಕೂಗಿದಳು. ಈ ಸಲ ಅತ್ತೆ ಬೈಯಲಿಲ್ಲ. ಬೆನಕಪ್ಪ, ಅವಳು ಯಾವಾಗ ಕೂಗುತ್ತಾಳೋ ಎಂದು ಕಾಯುತ್ತಲೇ ಕೂತಿದ್ದ.