ಸ್ಟುಡಿಯೋ ಅತ್ತೆಯ ಎರಡನೇ ಬೀಗ

ನಮ್ಮ ಸೋದರತ್ತೆಯನ್ನು ಬೀದಿಯವರೆಲ್ಲ ಸ್ಟುಡಿಯೋ ಅತ್ತೆ ಎಂದೇ ಕರೆಯುತ್ತಾರೆ. ಮಾವ ತೀರಿಕೊಂಡ ಮೇಲೆ ಫೋಟೋ ಅಂಗಡಿ ಮುಚ್ಚಿತೆಂದೇ ಎಲ್ಲರೂ ತಿಳಿದಿದ್ದರು. ಅತ್ತೆ ಕ್ಯಾಮೆರಾವನ್ನು ತಮ್ಮ ಹೆಗಲಿಗೇರಿಸಿಕೊಂಡರು. ಅಳುವ ಮಗುವನ್ನು ನಗಿಸಿ ಫೋಟೋ ತೆಗೆಯುವುದರಲ್ಲಿ ಅವರದು ಎತ್ತಿದ ಕೈ. ಬೀದಿಯವರ ಮದುವೆ, ಮಕ್ಕಳು, ತೀರಿಹೋದ ಹಿರಿಯರು, ಎಲ್ಲರ ಚಿತ್ರವೂ ಅವರ ಆನ್‌ಲೈನ್ ಖಾತೆಯಲ್ಲಿ ಜೋಪಾನವಾಗಿತ್ತು.

ಹೊಸ ಕಂಪ್ಯೂಟರಿನಿಂದ ಆ ಖಾತೆ ತೆರೆಯಲು ಪಾಸ್‌ವರ್ಡ್ ಜೊತೆಗೆ ಅತ್ತೆಯ ಫೋನಿಗೆ ಬರುವ ಕೋಡ್ ಕೂಡ ಬೇಕು. ಹಾಗೆ ಎರಡನೇ ಬೀಗ ಹಾಕಿದವಳು ಅತ್ತೆಯ ಸೊಸೆ.

"ನನ್ನ ಫೋಟೋ ಕದಿಯೋಕೆ ಯಾರ್ ಬರ್ತಾರೆ ಕಣೇ?"

"ಅತ್ತೆ, ಅಂಗಡಿ ಹೆಸರೇ ನಿಮ್ಮ ಪಾಸ್‌ವರ್ಡ್. ಬೋರ್ಡ್ ಓದೋಕೆ ಬರೋರೆಲ್ಲ ಒಳಗೆ ನುಗ್ಗಬಹುದು."

ಅತ್ತೆ ಫೋನ್ ಕೊಟ್ಟರು. ಪಾಸ್‌ವರ್ಡ್ ಬದಲಿಸಲು ಮಾತ್ರ ಒಪ್ಪಲಿಲ್ಲ. ಅದು ಮಾವ ಇಟ್ಟಿದ್ದು.

ಒಂದು ಬೆಳಗ್ಗೆ ಅತ್ತೆ ಫ್ರೇಮಿಗೆ ಗಾಜು ಕೂರಿಸುತ್ತಿದ್ದಾಗ ಫೋನಿಗೆ ಕೋಡ್ ಬಂತು. ಅದರ ಬೆನ್ನಿಗೇ ಎದುರಿನ ಕ್ಷೌರದಂಗಡಿಯವನ ಮೆಸೇಜ್: "ಅತ್ತೆ, ನನ್ನ ಕೋಡ್ ತಪ್ಪಿ ನಿಮಗೆ ಬಂದಿದೆ, ಬೇಗ ಕಳಿಸಿ."

ಪಾಪ, ಅವಸರವೇನೋ ಎಂದು ಅತ್ತೆ ಬರೆಯಹೊರಟರು. ಅಷ್ಟರಲ್ಲಿ ಕೋಡಿನ ಕೆಳಗಿನ 'ಯಾರಿಗೂ ಹೇಳಬೇಡಿ' ಎಂಬ ಸಾಲು ಕಣ್ಣಿಗೆ ಬಿತ್ತು. ಕೂಗಿದರೆ ಕೇಳುವಷ್ಟು ಹತ್ತಿರ ಇರುವವನು ಮೆಸೇಜ್ ಯಾಕೆ ಮಾಡಿದ? ಅತ್ತೆ ರಸ್ತೆ ದಾಟಿದರು.

"ಏನೋ, ನನ್ನ ಹತ್ರ ಕೋಡ್ ಕೇಳಿದ್ಯಾ?"

ಅವನು ಗಿರಾಕಿಯ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ. "ಎರಡು ಕೈಯಲ್ಲೂ ನೊರೆ ಅತ್ತೆ. ಮೂಗಲ್ಲಿ ಟೈಪ್ ಮಾಡ್ಲಾ?"

ಕೈ ಒರೆಸಿಕೊಂಡು ಫೋನ್ ನೋಡಿದರೆ ಮೆಸೇಜುಗಳೇ ತೆರೆಯಲೊಲ್ಲವು. ಹಿಂದಿನ ದಿನ ಯಾರೋ ಗೆಳೆಯನ ಹೆಸರಿನಲ್ಲಿ ಹೀಗೇ ಕೇಳಿದ್ದರು, ಇವನು ಕೊಟ್ಟುಬಿಟ್ಟಿದ್ದ. ಈಗ ಕಳ್ಳ ಇವನ ಮೆಸೇಜ್ ಖಾತೆಗೆ ನುಗ್ಗಿ ಇವನ ವೇಷ ಹಾಕಿದ್ದ. ಅತ್ತೆಯ ಪಾಸ್‌ವರ್ಡ್ ಊಹಿಸಿಯಾಗಿತ್ತು. ಕೋಡೊಂದೇ ಅಡ್ಡ ನಿಂತಿತ್ತು.

ಅವನ ಮುಖ ಕಪ್ಪಿಟ್ಟಿತು. ಅತ್ತೆ ಗದರಲಿಲ್ಲ. ಸೊಸೆಯನ್ನು ಕರೆದು, ತಾವು ಅಂಗಡಿಯಿಂದ ಅಂಗಡಿಗೆ ಓಡಿದರು. "ಕ್ಷೌರದವನ ಹೆಸರಲ್ಲಿ ಕೋಡ್ ಕೇಳಿದ್ರೆ ಕೊಡಬೇಡ್ರೋ!" ಬೇಕರಿಯವನು ಆಗಲೇ ಅರ್ಧ ಟೈಪ್ ಮಾಡಿದ್ದ. ಅತ್ತೆ ಅವನ ಕೈಯಿಂದ ಫೋನನ್ನೇ ಕಿತ್ತುಕೊಂಡರು.

ಸೊಸೆ ಮೊದಲು ಸ್ಟುಡಿಯೋ ಖಾತೆಯ ಪಾಸ್‌ವರ್ಡ್ ಬದಲಿಸಿದಳು. ಈ ಸಲ ಅತ್ತೆ ಒಪ್ಪಿದರು. ಆಮೇಲೆ ಕ್ಷೌರದವನ ನಂಬರಿನಿಂದ ಅವನ ಖಾತೆಯನ್ನು ಮತ್ತೆ ತೆರೆದು, ಕಳ್ಳನನ್ನು ಹೊರಗಟ್ಟಿದಳು. ಮಧ್ಯಾಹ್ನದ ಹೊತ್ತಿಗೆ ಬೀದಿಗೆ ಬೀದಿಯೇ ಫೋನ್ ಹಿಡಿದು ಸ್ಟುಡಿಯೋದಲ್ಲಿ ಕೂತಿತ್ತು, ಎರಡನೇ ಬೀಗ ಹಾಕಿಸಿಕೊಳ್ಳಲು. "ನನ್ನ ಹೊಟ್ಟೆ ಮೇಲೆ ಹೊಡೀತೀರಲ್ಲ" ಎಂದು ನಗುತ್ತಲೇ ಬೀಗ ರಿಪೇರಿಯವನೂ ಸಾಲಿನಲ್ಲಿ ಕೂತ.

ಕೊನೆಗೆ ನಿವೃತ್ತ ಮೇಷ್ಟ್ರು ಮೆಲ್ಲಗೆ ಕೇಳಿದರು: "ನಮ್ಮ ಮನೆಯವಳ ಫೋಟೋ ಇದೆಯಾ ಅಮ್ಮ?"

ಅತ್ತೆ ತೆರೆದು ತೋರಿಸಿದರು. ಮೇಷ್ಟ್ರ ತೀರಿಹೋದ ಹೆಂಡತಿ ಚಿತ್ರದಲ್ಲಿ ಬಾಯ್ತುಂಬ ನಗುತ್ತಿದ್ದರು. ಆ ಫೋಟೋದ ಪ್ರತಿ ಮೇಷ್ಟ್ರ ಬಳಿಯೂ ಇರಲಿಲ್ಲ.

"ಕಾಪಾಡಿದೋಳು ಇವಳು" ಎಂದು ಅತ್ತೆ ಸೊಸೆಯ ಬೆನ್ನು ತಟ್ಟಿದರು.

"ಅಯ್ಯೋ, ರಸ್ತೆ ದಾಟಿದೋರು ನೀವು" ಎಂದಳು ಅವಳು.

ನಾನಂತೂ ಹೋದಲ್ಲೆಲ್ಲ ಇಬ್ಬರ ಮಾತನ್ನೂ ಹೇಳಿಕೊಂಡು ಎದೆಯುಬ್ಬಿಸುತ್ತೇನೆ.